ಕಾಕಾನ ದ್ವಿತೀಯಾರ್ಧಗಳು

ಸಿನಿಮಾದ ಬಗ್ಗೆ ನಮ್ಮ ಕಾಕಾನಷ್ಟು ಅಧಿಕಾರದಿಂದ ಮಾತಾಡುವ ಮನುಷ್ಯ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ! ವರ್ಷದ ಮೊದಲನೇ ಸಿನಿಮಾ ಯಾವುದು, ಹತ್ತನೆಯದು ಯಾವುದು, ಯಾವುದನ್ನು ಪಟ್ಟಿಯ ಹೊಸ್ತಿಲೊಳಗೂ ಬಿಟ್ಟುಕೊಳ್ಳಬಾರದು ಎಂಬುದನ್ನೆಲ್ಲ ಅವನು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ತೀರ್ಮಾನಿಸಬಲ್ಲ. ಪತ್ರಿಕೆಯ ವಿಮರ್ಶಕರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಬೈಯಬಲ್ಲ. ಇಷ್ಟೆಲ್ಲ ಇದ್ದೂ ಅವನಲ್ಲಿದ್ದ ಕೊರತೆ ಒಂದೇ. ಅವನು ಜೀವಮಾನದಲ್ಲಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ.

ನಗಬೇಡಿ. ಕಾರಣ ಸೋಮಾರಿತನವಲ್ಲ, ಬಸ್ಸು. ಕಾಕಾ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸ್ಟೋರ್ ಕೀಪರ್. ಮನೆ ಖಾನಾಪುರದಿಂದಲೂ ಒಳಗೆ, ಹೊಳೆದಂಡೆಯ ಒಂದು ಸಣ್ಣ ಊರಲ್ಲಿ. ಶನಿವಾರ ಪಾಳಿ ಮುಗಿಸಿ, ಕೈಗೆ ಹತ್ತಿದ ಗ್ರೀಸು ತೊಳೆದು, ಸಂಜೆಯ ಆಟಕ್ಕೆ ಹೋಗುತ್ತಿದ್ದ. ಖಾನಾಪುರದಿಂದ ಅವನೂರಿಗೆ ಹೋಗುವ ಕಡೆಯ ಬಸ್ಸು ಸಿಗಬೇಕೆಂದರೆ ಬೆಳಗಾವಿಯನ್ನು ಇಂಟರವಲ್ಲಿಗೇ ಬಿಡಬೇಕು. ಪರದೆಯ ಮೇಲೆ ನಾಯಕನ ಎದೆಗೆ ಗುಂಡು ತಾಗಿರಲಿ, ನಾಯಕಿ ತಾಳಿ ಕಟ್ಟಿಸಿಕೊಳ್ಳಲು ಕೊರಳು ಬಾಗಿಸಿರಲಿ, ದೀಪ ಹತ್ತಿದೊಡನೆ ಕಾಕಾ ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ.

"ಹಂಗಾದ್ರ ಮುಂದಿನ ಕಥಿ ಏನಾತಂತ ತಿಳಕೋಬೇಕು ಅನಸೂದಿಲ್ಲೇನು?" ಎಂದು ನಾನು ಒಮ್ಮೆ ಕೇಳಿದೆ.

"ಲೇ ತಮ್ಮಾ, ಮದುವಿಗೆ ಹೋಗತೀವಿ, ಅಕ್ಕಿಕಾಳ ಹಾಕತೀವಿ, ಉಂಡ ಬರತೀವಿ. ಮುಂದ ಅವರು ಸಂಸಾರ ಹೆಂಗ ಮಾಡ್ತಾರಂತ ನೋಡಕೋತ ಅಲ್ಲೇ ಕುಂದರತೀವೇನು?"

ಇಂಥ ತರ್ಕದ ಮುಂದೆ ಧಾರವಾಡದಲ್ಲಿ ಎಂ.ಎ. ಮಾಡಿ, ಫಿಲ್ಮ್ ಸೊಸೈಟಿಯ ಮುರುಕು ಕುರ್ಚಿಗಳಲ್ಲಿ ಕೂತು ಅರ್ಥವಾಗದ ಭಾಷೆಗಳ ಸಿನಿಮಾ ನೋಡಿ ಬಂದ ನನ್ನಂಥವನು ಏನು ಮಾಡಿಯಾನು? ಎಲ್ಲವನ್ನೂ ಸಂಶಯಿಸು ಎಂದು ನನ್ನ ಗುರುಗಳು ಕಲಿಸಿದ್ದರು. ಕಾಕಾನನ್ನು ಸಂಶಯಿಸಲು ಹೊರಟರೆ ಅವನು ನಮ್ಮನ್ನೇ ಸಂಶಯಿಸುತ್ತಿದ್ದ.

ಹಾಗೆಂದು ಕಾಣದ ಅರ್ಧ ವ್ಯರ್ಥವಾಗುತ್ತಿತ್ತು ಎಂದುಕೊಳ್ಳಬೇಡಿ. ಕಾಕಾ ಅದನ್ನು ಬಸ್ಸಿನಲ್ಲಿ ತಾನೇ ಕಟ್ಟುತ್ತಿದ್ದ. ಬಸ್ಸು ಮಚ್ಛೆ ಊರು ದಾಟುವಷ್ಟರಲ್ಲಿ ಖಳನಾಯಕ ಸಿಕ್ಕಿಬಿದ್ದಿರುತ್ತಿದ್ದ. ಖಾನಾಪುರದ ದೀಪ ಕಾಣುವಷ್ಟರಲ್ಲಿ ಮದುವೆ ಮುಗಿದು ಊಟಕ್ಕೆ ಎಲೆ ಹಾಕಿರುತ್ತಿದ್ದರು. ಮನೆಯಲ್ಲಿ ಅವನ ಹೆಂಡತಿ, ನಮ್ಮ ಕಾಕು, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಾಯುತ್ತಿದ್ದಳು. ಆಕೆ ಟಾಕೀಜಿಗೆ ಬರುವಂತಿರಲಿಲ್ಲ. ಅವರ ಎಮ್ಮೆ ಆಕೆಯೊಬ್ಬಳಿಗೇ ಹಾಲು ಕೊಡುತ್ತಿತ್ತು. ಅದೂ ಸಂಜೆ, ಅದೂ ಮನಸ್ಸು ಬಂದರೆ! ಕಾಕಾ ಕಾಲು ತೊಳೆದು, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಹೆಸರು ಬೀಳುವಲ್ಲಿಂದ ಹಿಡಿದು ಶುಭಂ ತನಕ ಇಡೀ ಸಿನಿಮಾ ಹೇಳುತ್ತಿದ್ದ. ಇಂಟರವಲ್ ಎಲ್ಲಿ ಬಂತು ಎಂಬುದೊಂದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವನ ದ್ವಿತೀಯಾರ್ಧಗಳಿಗೆ ಕೆಲವು ಕಾಯಂ ನಿಯಮಗಳಿದ್ದವು. ಅಲ್ಲಿ ಯಾರೂ ಸಾಯುತ್ತಿರಲಿಲ್ಲ. ಬಡವರಿಗೆಲ್ಲ ಸರಕಾರಿ ನೌಕರಿ ಸಿಗುತ್ತಿತ್ತು, ಪಿಂಚಣಿ ಸಮೇತ. ಇಬ್ಬರು ಹುಡುಗಿಯರನ್ನು ಪ್ರೀತಿಸಿದ ನಾಯಕನಿಗೆ ಬಳ್ಳಾರಿಗೆ ವರ್ಗವಾಗುತ್ತಿತ್ತು. ಖಳನಾಯಕ ಕೂಡ ಹಿಂಡಲಗಾ ಜೈಲಿನಲ್ಲಿ ಬದನೆಕಾಯಿ ಬೆಳೆದುಕೊಂಡು ಸುಧಾರಿಸುತ್ತಿದ್ದ. ಕಾಕುಗೆ ಇದೇ ಸಿನಿಮಾ. ನಿಜ ಗೊತ್ತಾಗಲು ದಾರಿಯೂ ಇರಲಿಲ್ಲ. ಊರಲ್ಲಿ ಟಾಕೀಜಿಲ್ಲ. ಟೀವಿಯಲ್ಲಿ ಸಿನಿಮಾ ಬಂದರೆ ಇಂಟರವಲ್ಲಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಕರೆಂಟಿನವರೂ ಕಾಕಾನ ಕಡೆಯವರೇ ಇರಬೇಕೆಂದು ನನಗೆ ಅನುಮಾನ.

ಈಗ ಅವನ ರ‍್ಯಾಂಕಿನ ವಿಷಯಕ್ಕೆ ಬರುತ್ತೇನೆ. ಪತ್ರಿಕೆಯವರು ಚುಕ್ಕಿ ಕೊಡುತ್ತಾರೆ. ಕಾಕಾನ ಅಳತೆಗೋಲು ಹೊತ್ತಿದ ರೊಟ್ಟಿ. ಕಥೆ ಕೇಳುತ್ತ ಕೇಳುತ್ತ ಕಾಕು ಮೈಮರೆತು ಹಂಚಿನ ಮೇಲಿನ ರೊಟ್ಟಿ ಹೊರಳಿಸುವುದನ್ನು ಬಿಟ್ಟರೆ ಅದು ಒಳ್ಳೆಯ ಸಿನಿಮಾ. ಎಷ್ಟು ರೊಟ್ಟಿ ಹೊತ್ತಿದವೋ ಅಷ್ಟು ಮೇಲಿನ ಸ್ಥಾನ. "ಪೇಪರದಾಂವ ಇದಕ್ಕ ನಾಕ ಚುಕ್ಕಿ ಕೊಟ್ಟಾನ," ಎಂದು ಅವನು ಗುಡುಗುತ್ತಿದ್ದ, "ನಮ್ಮ ಮನ್ಯಾಗ ಒಂದ ರೊಟ್ಟಿ ಸೈತ ಕರಗಾಗಲಿಲ್ಲ. ಉಬ್ಬಿ ಉಬ್ಬಿ ಬಂದ್ವು! ಇಂಥಾದ್ದೂ ಒಂದ ಸಿನಿಮಾ ಏನು?"

ಗುಡುಗುವ ಜಾಗ ಬೆಳಗಾವಿಯ ಶಹಾಪುರದ ನಮ್ಮ ಮನೆ. ಜನವರಿಯ ಮೊದಲ ಭಾನುವಾರ ಕಾಕಾ ಬರುತ್ತಿದ್ದ. ಆಗಷ್ಟೇ ಮುಗಿದ ವರ್ಷದ ಹತ್ತು ಅತ್ಯುತ್ತಮ ಚಿತ್ರಗಳ ಪಟ್ಟಿಗಳನ್ನು ಪಡಸಾಲೆಯಲ್ಲಿ ಹರಡಿಕೊಂಡು ನಾವು ಕೂರುತ್ತಿದ್ದೆವು. ಬೆಳಗಾವಿಯಲ್ಲಿ ಯಾವುದೂ ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ ನೋಡಿ. ಅಪ್ಪನ ಕನ್ನಡ ಪತ್ರಿಕೆಯದೊಂದು ಪಟ್ಟಿ, ಪಕ್ಕದ ಮನೆಯ ನಿವೃತ್ತ ಮಾಸ್ತರರಾದ ಗುರೂಜಿಯವರ ಮರಾಠಿ ಪತ್ರಿಕೆಯದೊಂದು, ನನ್ನ ಇಂಗ್ಲಿಷ್ ಪತ್ರಿಕೆಯದೊಂದು. ಮೂರೂ ಪಟ್ಟಿಗಳು ಒಂದಕ್ಕೊಂದು ಮುಖ ತೋರಿಸುತ್ತಿರಲಿಲ್ಲ. ಕಾಕಾ ಮೂರನ್ನೂ ಸಮನಾಗಿ ತಿರಸ್ಕರಿಸುತ್ತಿದ್ದ. ಗಡಿನಾಡಿನಲ್ಲಿ ಇಂಥ ನಿಷ್ಪಕ್ಷಪಾತ ಅಪರೂಪ!

ಹಿತ್ತಲಲ್ಲಿ ಅಪ್ಪನ ಪವರ್‌ಲೂಮುಗಳು ಖಟಖಟ ಎನ್ನುತ್ತಿದ್ದುದರಿಂದ ನಮ್ಮ ವಿಮರ್ಶೆಯೆಲ್ಲ ಗಂಟಲು ಹರಿದುಕೊಂಡೇ ನಡೆಯಬೇಕಿತ್ತು. ನಮ್ಮ ಓಣಿಯಲ್ಲಿ ಪಿಸುಮಾತು ಎಂಬುದು ಯಾರಿಗೂ ಗೊತ್ತಿಲ್ಲ. ಒಮ್ಮೆ ಗುರೂಜಿ, ಮೂರನೇ ಸ್ಥಾನದ ಚಿತ್ರದ ನಾಯಕಿ ಕೊನೆಗೆ ಬಸುರಿಯಾಗಿಯೇ ತವರಿಗೆ ಹೋಗುತ್ತಾಳೆ ಎಂದು ಕೂಗಿ ಹೇಳಿದರು. ಇಂಟರವಲ್ಲಿನ ತನಕ ಅಂಥ ಸೂಚನೆ ಇರಲಿಲ್ಲವಾದ್ದರಿಂದ ಕಾಕಾ ಎದ್ದು ನಿಂತು, ಮಗ್ಗದ ಸದ್ದನ್ನು ಮೀರಿಸುವಂತೆ ಉಸಿರು ಎಳೆದುಕೊಂಡ. ಅದೇ ಗಳಿಗೆಗೆ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಸ್ತಬ್ಧವಾದವು. ಆ ಮೌನದಲ್ಲಿ ಕಾಕಾನ ಧ್ವನಿ ಮೊಳಗಿತು:

"ಆಕಿ ಬಸುರಿ ಅಲ್ಲs ಅಲ್ಲ! ಸುಳ್ಳ ಹೇಳಬ್ಯಾಡ್ರಿ! ನಾ ಕಣ್ಣಾರೆ ನೋಡೇನಿ!"

ಐದು ನಿಮಿಷದಲ್ಲಿ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಯಾರ ಮನಿ ಹುಡುಗೀನವ್ವಾ, ಪಾಪ?" ಎಂದು ಅವ್ವನನ್ನು ಕೇಳುತ್ತಿದ್ದಳು. ಆಕೆಗೆ ಇದು ಸಿನಿಮಾ ಎಂದು ಮನವರಿಕೆ ಮಾಡಲು ಯುಗಾದಿಯವರೆಗೆ ಹಿಡಿಯಿತು.

ಎರಡು ಸಾವಿರದ ಇಸವಿ ಬಂದಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಹೊಸ ಶತಮಾನ ಈ ವರ್ಷ ಶುರುವೋ ಮುಂದಿನ ವರ್ಷವೋ ಎಂದು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಪತ್ರಿಕೆಗಳು, ಇರಲಿ ಎಂದು ಶತಮಾನದ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನೂ ಹಾಕತೊಡಗಿದವು. ಕಾಕಾ ಪಟ್ಟಿಯ ಮೇಲಿದ್ದ ವಿಮರ್ಶಕನ ಫೋಟೋವನ್ನು ಬೆರಳಿನಿಂದ ತಟ್ಟಿದ. "ಮೀಸಿ ನೋಡಿದ್ರ ಮೂವತ್ತರ ಹುಡುಗ. ನೂರ ವರ್ಷದ ಸಿನಿಮಾ ಇಂವ ಯಾವಾಗ ನೋಡಿದ? ನಾ ಅರ್ಧ ನೋಡಿ ಹೇಳತೀನಂತ ನನಗ ನಗತೀರಿ. ಇಂವ ಹುಟ್ಟೂಕಿಂತ ಮೊದಲ ನೋಡ್ಯಾನ!"

ವಿಮರ್ಶಕರಲ್ಲಿ ಕಾಕಾ ಮೆಚ್ಚಿದ್ದು ಒಬ್ಬನನ್ನು ಮಾತ್ರ. ಒಂದು ಶನಿವಾರ ಇಂಟರವಲ್ಲಿನಲ್ಲಿ ಇವನು ಟಾಕೀಜಿನ ಗೇಟು ದಾಟುವಾಗ ಇನ್ನೊಬ್ಬನೂ ಅಷ್ಟೇ ಅವಸರದಲ್ಲಿ ದಾಟುತ್ತಿದ್ದನಂತೆ. "ನಿಮ್ಮದೂ ಖಾನಾಪುರ ಬಸ್ಸೇನ್ರಿ?" ಎಂದು ಕಾಕಾ ಆತ್ಮೀಯತೆಯಿಂದ ವಿಚಾರಿಸಿದ. "ಇಲ್ರಿ, ಪೇಪರ್ ಆಫೀಸಿಗೆ. ಈಗ ಬರದ ಕೊಟ್ರ ನಾಳಿಗೆ ಅಚ್ಚಾಗತೈತಿ," ಎಂದನಂತೆ ಆತ. ಮರುದಿನ ಆ ವಿಮರ್ಶೆಯನ್ನು ಕಾಕಾ ಗೌರವದಿಂದ ಓದಿದ. ಕೊನೆಯಲ್ಲಿ 'ದ್ವಿತೀಯಾರ್ಧ ಇನ್ನಷ್ಟು ಬಿಗಿಯಾಗಿರಬೇಕಿತ್ತು' ಎಂದಿತ್ತು!

ಇಲ್ಲಿಯವರೆಗೆ ನಾನು ಹೇಳಿದ್ದನ್ನು ಓದುಗರು ಪೂರ್ತಿ ನಂಬಬೇಕಿಲ್ಲ. ನನಗೇ ನಂಬಿಕೆಯಿಲ್ಲ. ಆ ಗೇಟಿನ ಪ್ರಸಂಗವನ್ನು ಕಾಕಾನಿಂದ ಕೇಳಿದೆನೋ, ಕಂಡೆನೋ, ಅದೂ ಅವನು ಬಸ್ಸಿನಲ್ಲಿ ಕಟ್ಟಿದ್ದೋ ಎಂದು ಈಗ ತಿಳಿಯುತ್ತಿಲ್ಲ. ಕಾಕಾನ ಸಹವಾಸದಿಂದ ನನ್ನ ನೆನಪಿಗೇ ಬೂಷ್ಟು ಹಿಡಿದಿದೆ. ಆಗ ನಾನೊಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಚಲನಚಿತ್ರ ಶಿಬಿರವೊಂದರಲ್ಲಿ ಹಳೆಯ ಚಿತ್ರವೊಂದರ ಕೊನೆಯ ದೃಶ್ಯವನ್ನು ಎತ್ತಿಕೊಂಡು, ಮುದುಕ ತನ್ನ ಮಗಳಿಗೆ ಸೈಕಲ್ ಕಲಿಸುವುದು ಹೇಗೆ ಬಿಡುಗಡೆಯ ಸಂಕೇತ ಎಂದು ಮುಕ್ಕಾಲು ಗಂಟೆ ವಿವರಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಆ ಮುದುಕ ಇಂಟರವಲ್ ಆದ ಕೂಡಲೇ ಸಾಯ್ತಾನಲ್ರಿ," ಎಂದಳು.

ನಾನು ಮುಕ್ಕಾಲು ಗಂಟೆ ವಿಶ್ಲೇಷಿಸಿದ್ದು ಕಾಕಾನ ಸೈಕಲ್ಲನ್ನು!

ಅಂದಿನಿಂದ ನನಗೆ ಕಾಕಾನ ಮೇಲೆ ಒಂದು ಸಿಟ್ಟು. ಇವನ ಸುಳ್ಳನ್ನು ಪ್ರಮಾಣಸಹಿತ ಹಿಡಿಯಬೇಕು ಎಂದು ಕಾಯುತ್ತಿದ್ದೆ. ಅದರ ಮುಂದಿನ ಜನವರಿಯಲ್ಲಿ, ನನಗೆ ನೆನಪಿರುವ ಪ್ರಕಾರ, ಅವಕಾಶ ತಾನಾಗಿ ಬಂತು.

ಆ ವರ್ಷ ನಡೆಯಬಾರದ್ದು ನಡೆದುಹೋಗಿತ್ತು. ನನ್ನ ಇಂಗ್ಲಿಷ್ ಪತ್ರಿಕೆಯೂ ಕಾಕಾನೂ ಒಂದೇ ಚಿತ್ರಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು! ಹೊಳೆಯಲ್ಲಿ ದೋಣಿ ನಡೆಸುವ ಹೆಂಗಸಿನ ಕಥೆ ಅದು. ಸೇತುವೆ ಕಟ್ಟಲು ಒಬ್ಬ ಎಂಜಿನಿಯರ್ ಬರುತ್ತಾನೆ. ಸೇತುವೆಯಾದರೆ ದೋಣಿ ಯಾರಿಗೆ ಬೇಕು? ಮಹಾಪೂರ ಬಂದ ದಿನ ಅದೇ ಎಂಜಿನಿಯರ್ ಆಚೆ ದಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಆಕೆ ಅವನನ್ನು ಕರೆತರಲು ದೋಣಿಯನ್ನು ನೀರಿಗೆ ನೂಕುತ್ತಾಳೆ. ಇಂಟರವಲ್. ಮುಂದಿನದನ್ನು ಕಾಕಾ ಬಸ್ಸಿನಲ್ಲಿ ಸಾಂಗವಾಗಿ ಮುಗಿಸಿದ್ದ. ಆಕೆ ಎಂಜಿನಿಯರನನ್ನು ದಡ ಸೇರಿಸಿದಳು, ಸರಕಾರ ಆಕೆಯನ್ನೇ ಸೇತುವೆಯ ಕಾವಲಿಗೆ ನೇಮಿಸಿತು, ಖಾಕಿ ಛತ್ರಿ, ಪಗಾರ, ಪಿಂಚಣಿ. ಆ ರಾತ್ರಿ ಅವರ ಮನೆಯಲ್ಲಿ ಒಂದು ರೊಟ್ಟಿಯೂ ಉಳಿಯಲಿಲ್ಲವಂತೆ. ಗಂಡಹೆಂಡತಿ ಅವಲಕ್ಕಿಗೆ ಹಾಲು ಹಾಕಿಕೊಂಡು ತಿಂದು ಮಲಗಿದರಂತೆ.

ಮೊದಲ ಸ್ಥಾನದ ಬಗ್ಗೆ ಒಮ್ಮತ ಬಂದ ಮೇಲೆ ಜಗಳವೇ ಇಲ್ಲ ಎಂದು ಗುರೂಜಿ ನಿರಾಶರಾಗಿ ಏಳುವುದರಲ್ಲಿದ್ದರು. ಅಷ್ಟರಲ್ಲಿ ನಾನು ಪತ್ರಿಕೆ ಕೊಟ್ಟ ಕಾರಣವನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಅಂತ್ಯದ ದಾರುಣತೆಯೇ ಈ ಚಿತ್ರದ ಶಕ್ತಿ ಎಂದಿತ್ತು.

"ದಾರುಣ?" ಕಾಕಾನ ಹುಬ್ಬು ಗಂಟಾಯಿತು. "ಪಿಂಚಣಿ ಬಂದದ್ದ ದಾರುಣ ಏನು? ಇಂವ ಬ್ಯಾರೆ ಯಾವದೋ ಟಾಕೀಜಿನ್ಯಾಗ ಕುಂತಾನ."

"ಕಾಕಾ, ಆಕಿ ಮುಳುಗಿ ಸಾಯ್ತಾಳ!"

"ನೀ ನೋಡೀಯೇನು?"

ನಾನು ನೋಡಿರಲಿಲ್ಲ. ಪತ್ರಿಕೆ ಓದಿದ್ದೆ. ಇಡೀ ಪಡಸಾಲೆ ನನ್ನ ಕಡೆ ನೋಡಿತು. "ಆತು, ಸಂಕ್ರಮಣಕ್ಕ ಕಾಕುನ ಕರಕೊಂಡ ಬಾ. ಎಲ್ಲಾರೂ ಕೂಡಿ ಕಡೀತನಕ ನೋಡೂಣು. ಯಾರದು ಖರೇ ಅಂತ ಕಾಕುನs ಹೇಳಲಿ," ಎಂದುಬಿಟ್ಟೆ. ಪಟ್ಟಿಯಲ್ಲಿ ಮೊದಲು ಬಂದದ್ದಕ್ಕೆ ಆ ಚಿತ್ರವನ್ನು ನಗರದ ಒಂದು ಟಾಕೀಜಿಗೆ ಮತ್ತೆ ತಂದಿದ್ದರು. ಅವ್ವ ಕೂಡಲೇ ಹೇಳಿ ಕಳಿಸಿದಳು. ಕಾಕು ಒಂದು ಹೊತ್ತಿನ ಹಾಲು ಹೋದರೆ ಹೋಗಲಿ ಎಂದು ಎಮ್ಮೆಯನ್ನು ತಂಗಿಗೆ ಒಪ್ಪಿಸಿ, ಎಳ್ಳುಬೆಲ್ಲ ಕಟ್ಟಿಕೊಂಡು ಬಂದೇಬಿಟ್ಟಳು.

ಆ ದಿನ ಊಟವಾದ ಮೇಲೆ ಕಾಕಾ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಮಗ್ಗಕ್ಕೆ ರಜೆ. ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದು ಕೇಳಿದೆ.

"ತಮ್ಮಾ, ಏನಾರ ನೆಪಾ ತಗದ ಇದನ್ನ ತಪ್ಪಸು."

"ಯಾಕ? ಹೆದರಿಕಿ ಆತೇನು?"

"ಆತು." ಅವನು ಮಗ್ಗದ ಕಟ್ಟಿಗೆಯ ಮೇಲೆ ಕೈಯಾಡಿಸಿದ. "ಮನ್ಯಾಗ ನಾವಿಬ್ರ. ಮಳಿ ಆತು, ಎಮ್ಮಿ ಈತು, ಇಷ್ಟ ಆದ ಮ್ಯಾಲೆ ಮಾತು ಮುಗೀತೈತಿ. ಶನಿವಾರ ಬಂದ್ರ ಆಕಿ ಮಾರಿ ನೋಡಬೇಕ ನೀ. ಎಲ್ಲಾ ಸುಳ್ಳ ಅಂತ ಗೊತ್ತಾದ್ರ ಆಕಿ ಇನ್ನ ನನ್ನ ಮಾತ ಕೇಳತಾಳೇನು?"

ನಾನು ಏನನ್ನಬೇಕಿತ್ತು? ಪ್ರಮಾಣ ಕೈಗೆ ಬರುವ ಹೊತ್ತಿಗೆ ಕರುಣೆ ಬಂದರೆ ವಿಶ್ವವಿದ್ಯಾಲಯದ ಹೆಸರು ಹಾಳಲ್ಲವೇ? ನೋಡೋಣ ಎಂದು ಜಾರಿಕೊಂಡೆ.

ಕಾಕಾ ಸುಮ್ಮನೆ ಶರಣಾಗಲಿಲ್ಲ. ಟಾಕೀಜಿನ ಮೆಟ್ಟಿಲ ಹತ್ತಿರ, "ಒಳಗ ತಗಣಿ ಭಾಳ ಅದಾವು, ಕಡದ ಹಣ್ಣ ಮಾಡ್ತಾವು," ಎಂದು ಹೆಂಡತಿಯನ್ನು ಹೆದರಿಸಿದ.

"ಇಷ್ಟ ವರ್ಷ ನಿಮ್ಮನ್ನ ಕಡದಾವು. ಒಂದ ದಿನ ನನ್ನ ಕಡೀಲಿ ತಗೋರಿ," ಎಂದು ಕಾಕು ನಡೆದೇಬಿಟ್ಟಳು.

ಪ್ರಥಮಾರ್ಧ ಪೂರ್ತಿ ಆಕೆಗೆ ಹಬ್ಬ. ಪ್ರತಿ ದೃಶ್ಯವೂ ಮೊದಲೇ ಗೊತ್ತು! "ಈಗ ನೋಡವಾ, ಆ ಎಂಜಿನಿಯರ ಕೆಸರಾಗ ಬೀಳತಾನ," ಎಂದು ಅವ್ವನಿಗೆ ಹೇಳುತ್ತಿದ್ದಳು, ಅವನು ಬೀಳುತ್ತಿದ್ದ. ಆಕೆ ಹೆಮ್ಮೆಯಿಂದ ಗಂಡನ ಕಡೆ ನೋಡುತ್ತಿದ್ದಳು. ಕಾಕಾ ಮಾತ್ರ ಪರೀಕ್ಷೆಯ ಹಾಲಿನಲ್ಲಿ ಕೂತವನಂತಿದ್ದ. ದೋಣಿ ನೀರಿಗಿಳಿಯಿತು. ದೀಪ ಹತ್ತಿತು. ಕಾಕಾ ತಟ್ಟನೆ ಎದ್ದು ಘೋಷಿಸಿದ:

"ಮುಗೀತು. ನಡೀರಿ, ನಡೀರಿ, ಬಸ್ ತಪ್ಪತೈತಿ!"

ಕಾಕು ಪಾಪ, ಎದ್ದು ಸೆರಗು ಸರಿಮಾಡಿಕೊಂಡಳು. ಶೇಂಗಾ ಮಾರುವವನು ಒಳಗೆ ಬಂದ. ಆಚೆ ಕುರ್ಚಿಯಿಂದ ಗುರೂಜಿ ಕನ್ನಡವನ್ನೇ ಮರೆತು, ಇದು ಇಂಟರವಲ್, ಕೂತುಕೊಳ್ಳಿ ಎಂದು ಮರಾಠಿಯಲ್ಲಿ ಕೂಗಿದರು: "ಅಹೋ, ಮಧ್ಯಂತರ ಆಹೇ! ಬಸಾ, ಬಸಾ!"

"ಇನ್ನೂ ಐತಂತ?" ಎಂದಳು ಕಾಕು.

"ಒಂದೀಟ ಇರಬೇಕು," ಎಂದ ಕಾಕಾ.

ದೀಪ ಆರಿತು. ಕಾಕಾ ತನ್ನ ಜೀವಮಾನದ ಮೊದಲ ದ್ವಿತೀಯಾರ್ಧಕ್ಕೆ ಕೂತ. ಕೂತದ್ದು ಹೆಸರಿಗೆ ಮಾತ್ರ. ಕಾಲು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಂತೆ ಅಲುಗಾಡುತ್ತಿತ್ತು. ಕೈ ಚೀಲ ಹುಡುಕುತ್ತಿತ್ತು. ಪರದೆಯಲ್ಲಿ ದೋಣಿ ಆಚೆ ದಡ ಮುಟ್ಟಿತು, ಎಂಜಿನಿಯರನನ್ನು ಹತ್ತಿಸಿಕೊಂಡಿತು. ಕಾಕಾ ಉಸಿರು ಬಿಟ್ಟ. ಹಿಂದಿರುಗುವಾಗ ನಡುಹೊಳೆಯಲ್ಲಿ ತೇಲಿಬಂದ ಮರವೊಂದು ದೋಣಿಗೆ ಬಡಿಯಿತು. ಎಂಜಿನಿಯರ್ ಹೇಗೋ ಈಜಿ ದಡ ಸೇರಿದ. ಆಕೆ ಸೇರಲಿಲ್ಲ.

"ಕನಸು," ಎಂದು ಕಾಕಾ ಹೆಂಡತಿಯ ಕಡೆ ಬಾಗಿ ಹೇಳಿದ. "ಇದು ಕನಸಿನ ಸೀನು. ಹಿಂಗ ತೋರಸ್ತಾರ."

ಪರದೆಯಲ್ಲಿ ದೋಣಿಯವಳ ಗಂಡ ದಡದಲ್ಲಿ ಕೂತು ಅತ್ತ.

"ಈಗ ಏಳತಾಳ ನೋಡು. ಕೆಳಗಿನ ಊರಾಗ ಮೀನಗಾರರು ಹಿಡದಿರತಾರ."

"ಏ ಯಜಮಾನ್ರ, ಸುಮ್ನ ಕುಂದರ್ರಿ!" ಎಂದು ಹಿಂದಿನವರು ಗದರಿದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ನೀರು ಇಳಿಯಿತು, ಕಂಬಗಳೆದ್ದವು, ಸೇತುವೆಯಾಯಿತು, ಮಂತ್ರಿಗಳು ಬಂದು ಟೇಪು ಕತ್ತರಿಸಿದರು. ಎಲ್ಲರೂ ಸೇತುವೆ ನೋಡುತ್ತಿದ್ದರೆ ಕಾಕಾ ಒಬ್ಬನೇ ಪರದೆಯ ಕೆಳಗಿನ ಅಂಚಿನಲ್ಲಿ ಹರಿಯುವ ನೀರನ್ನು ನೋಡುತ್ತಿದ್ದ. ಇನ್ನೂ ಕಾಯುತ್ತಿದ್ದ. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹೊರಗೆ ಸಂಜೆಯ ಬಿಸಿಲು ಕಣ್ಣಿಗೆ ಕುಕ್ಕಿತು. ಕಾಕಾ ಯಾರಿಗೂ ಮುಖ ಕೊಡದೆ ಗೋಡೆಯ ಪೋಸ್ಟರಿನ ಕಡೆ ತಿರುಗಿ ನಿಂತ. ಗುರೂಜಿಗೆ ತೀರ್ಪು ಬೇಕಿತ್ತು. "ಹೇಳ್ರಿ ವೈನಿ, ಎಷ್ಟನೇ ನಂಬರು?" ಎಂದು ಕಾಕುವನ್ನು ಕೇಳಿಯೇಬಿಟ್ಟರು. ನಾನು ಕಾಕಾನ ಬೆನ್ನನ್ನು ನೋಡಿದೆ. ಈ ಪ್ರಯೋಗವನ್ನು ಯಾರು ಶುರುಮಾಡಿದ್ದು ಎಂದು ಮರೆತುಬಿಡಲು ಸಾಧ್ಯವಿದ್ದರೆ ಆ ಗಳಿಗೆಯಲ್ಲಿ ಮರೆಯುತ್ತಿದ್ದೆ.

ಕಾಕು ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

"ನಂಬರ ಏನ ಕೊಡೂದ್ರಿ ಇದಕ್ಕ," ಎಂದಳು ಕೊನೆಗೆ. "ಇವರ ಕೈಯಾಗ ಕೊಟ್ಟಿದ್ರ ಆಕೀನ ಉಳಸ್ತಿದ್ರು."

ಪೋಸ್ಟರಿನ ಮುಂದಿನ ಬೆನ್ನು ಅಲುಗಲಿಲ್ಲ.

ಅವರನ್ನು ಖಾನಾಪುರದ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಕಾಕಾ ಕಿಟಕಿಯ ಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು, ಯಾರೋ ಅಪರಿಚಿತರ ಜೊತೆ ಕೂತವನಂತೆ ಹೊರಗೆ ನೋಡುತ್ತಿದ್ದ. ಡ್ರೈವರ್ ಬಸ್ಸು ಚಾಲೂ ಮಾಡಿದ. ಕಾಕು ಸೆರಗು ಹೊದ್ದುಕೊಂಡು, ಸೀಟಿನಲ್ಲಿ ಒತ್ತರಿಸಿ, ಗಂಡನ ಕಡೆ ಹೊರಳಿ ಕೂತಳು. ಕೆಳಗೆ ನಿಂತ ನನಗೆ ಆಕೆಯ ಮಾತು ಸ್ಪಷ್ಟವಾಗಿ ಕೇಳಿಸಿತು. ಈ ನೆನಪೊಂದನ್ನು ಮಾತ್ರ ನಾನು ಸಂಶಯಿಸುವುದಿಲ್ಲ.

"ಹೂಂ. ದೋಣಿ ನೀರಿಗಿಳೀತು," ಎಂದಳು ಕಾಕು. "ಈಗ ಖರೇ ಏನಾತು, ಹೇಳ್ರಿ."

ಕಾಕಾ ಕಿಟಕಿ ಬಿಟ್ಟು ಆಕೆಯ ಕಡೆ ಹೊರಳಿದ. ಆಮೇಲೆ ಗಂಟಲು ಸರಿಮಾಡಿಕೊಂಡ.